ಮುಳುಗುವ ವಿದ್ಯೆಗೊಂದು ಪತ್ರಿಕೆ

ಕನ್ನಡ ಪಂಡಿತನೊಬ್ಬನು ನೀರಿನಲ್ಲಿ ಮುಳುಗುವ ವಿದ್ಯೆಯ ಮೇಲೆ ಮಾತನಾಡುತ್ತಾನೆಂದರೆ ಕೇಳುವವರಿಗೆ ನಗು ಬಂದೀತು. ಪಂಡಿತರಿಗೆ ಬೇಕಾದ ನೀರು ಒಂದು ತಂಬಿಗೆ ಮಾತ್ರ ಎಂಬುದು ಲೋಕದ ಭಾವನೆ. ಆದರೆ ನಮ್ಮ ಕಾವ್ಯಗಳಲ್ಲಿ ಹೆಸರಾಂತ ಮುಳುಗುಗಾರನೊಬ್ಬನಿದ್ದಾನೆ. ರನ್ನನ ಗದಾಯುದ್ಧದ ದುರ್ಯೋಧನನೇ ಅವನು. ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿದ್ದ ಅವನನ್ನು ಭೀಮನು ಒಂದೇ ಸಲ ಮೇಲಕ್ಕೆಬ್ಬಿಸಿದ. ತರಗತಿಯಲ್ಲಿ ನಾನು ಎಷ್ಟೋ ವರ್ಷಗಳಿಂದ ಎಬ್ಬಿಸುತ್ತ ಬಂದಿದ್ದೇನೆ. ಆಗೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುವುದುಂಟು: “ಆ ಮಂತ್ರ ಯಾವುದು ಸಾರ್?” ಮಂತ್ರ ಭೀಷ್ಮನಿಂದ ದುರ್ಯೋಧನನಿಗೆ ಬಂತು; ದುರ್ಯೋಧನನಿಂದ ಮುಂದಕ್ಕೆ ಯಾರಿಗೂ ಬರಲಿಲ್ಲ. ಬಲ್ಲವನೊಡನೆಯೇ ವಿದ್ಯೆಯೂ ಮುಳುಗಿತು.

ನಮ್ಮ ಹೊಳೆಯ ದಂಡೆಯಲ್ಲಿ ಇದು ಕಾವ್ಯದ ಮಾತಾಗಿ ಮಾತ್ರ ಉಳಿದಿಲ್ಲ. ಕಂಪ್ಲಿಯಲ್ಲಿ ಬಾಳುವವರಿಗೆ ತುಂಗಭದ್ರೆ ಅನ್ನ ಕೊಡುವವಳೂ ಹೌದು, ಆಗಾಗ ಲೆಕ್ಕ ಕೇಳುವವಳೂ ಹೌದು. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ವರ್ಷ ಕಂಪ್ಲಿಗೂ ಗಂಗಾವತಿಗೂ ನಡುವಣ ಸೇತುವೆ ಮುಳುಗುತ್ತದೆ, ಕೋಟೆಯ ಕಡೆಯ ಮನೆಗಳಿಗೆ ನೀರು ಬರುತ್ತದೆ. ಇಲ್ಲಿ ಹರಿಗೋಲು ಹಾಕುವವರ ಕಸಬು ಹಳೆಯದು. ೧೫೨೦ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸನು ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಆ ದೋಣಿ ನಡೆಸುವವರಿಗೆ ಗೊತ್ತಿರುವ ಸಂಗತಿಗಳನ್ನು ಮಾತ್ರ ಪಯಸನೂ ಬರೆಯಲಿಲ್ಲ, ನಾವೂ ಬರೆಯಲಿಲ್ಲ. ಯಾವ ತಿಂಗಳಲ್ಲಿ ಯಾವ ಮಡು ಎಷ್ಟು ಆಳ, ಸೆಳವು ಮೇಲೊಂದು ದಿಕ್ಕಿಗೂ ತಳದಲ್ಲಿ ಇನ್ನೊಂದು ದಿಕ್ಕಿಗೂ ಹೇಗೆ ಎಳೆಯುತ್ತದೆ, ಸುಳಿಯಲ್ಲಿ ಸಿಕ್ಕಿದವನು ಎಲ್ಲಿ ಮೇಲಕ್ಕೆ ಬಂದಾನು, ಇವೆಲ್ಲ ಅವರ ಮೈಯಲ್ಲಿವೆ, ಕಾಗದದ ಮೇಲಿಲ್ಲ.

ಹಂಪಿ, ಆನೆಗೊಂದಿ, ಸಾಣಾಪುರಗಳ ಕಡೆ ಹೊಳೆಯ ಪಾತ್ರವೆಲ್ಲ ಬಂಡೆ. ನೀರಿನ ಮೇಲೆ ಕಾಣುವ ಬಂಡೆಗಿಂತ ಕೆಳಗೆ ಕಾಣದೆ ಇರುವ ಬಂಡೆ ಹೆಚ್ಚು. ನೀರಿಗಿಳಿದವರು ಮುಳುಗಿದರೆ ಶರೀರ ಈ ಬಂಡೆಗಳ ಸಂದಿನಲ್ಲಿ, ಗವಿಯಂಥ ಪೊಳ್ಳಿನಲ್ಲಿ ಸಿಕ್ಕಿಕೊಳ್ಳುವುದುಂಟು. ಆಗ ಅಗ್ನಿಶಾಮಕದವರು ಬರುತ್ತಾರೆ. ಅವರೊಡನೆ ಊರಿನ ಈಜುಗಾರರನ್ನೂ ಮೀನುಗಾರರನ್ನೂ ಕರೆಯುತ್ತಾರೆ. ಉಸಿರು ಬಿಗಿಹಿಡಿದು ಬಂಡೆಯ ಕೆಳಗೆ ನುಗ್ಗುವ ಆ ಮನುಷ್ಯನು ಮಾಡುತ್ತಿರುವುದು ಏನೆಂದು ಯೋಚಿಸಿದ್ದೀರಾ? ತಲೆಯ ಮೇಲೆ ಬಯಲು ನೀರಿಲ್ಲ, ಕಲ್ಲು ಇದೆ. ನೆಟ್ಟಗೆ ಮೇಲಕ್ಕೆ ಬರುವ ದಾರಿಯಿಲ್ಲ. ಹೋದ ದಾರಿಯಲ್ಲೇ ಹಿಂದಿರುಗಬೇಕು. ಹೊರದೇಶಗಳಲ್ಲಿ ಇದಕ್ಕೆ ಗವಿಮುಳುಗು ಎಂದು ಬೇರೆಯೇ ಹೆಸರಿದೆ, ಬೇರೆಯೇ ಶಿಕ್ಷಣವಿದೆ. ನಮ್ಮವನು ಒಂದು ಚಡ್ಡಿಯ ಮೇಲೆ, ಪರರ ಮನೆಯ ದುಃಖಕ್ಕೆ ಮನಕರಗಿ, ಆ ಕೆಲಸ ಮಾಡಿ ಬರುತ್ತಾನೆ.

೨೦೨೪ರ ಜುಲೈ ೧೬ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿ, ಜನ ಎಲ್ಲರೂ ಗಂಗಾವಳಿಯ ಪಾಲಾದದ್ದು ನಿಮಗೆ ನೆನಪಿರಬೇಕು. ಹರಿವು ಅತಿಯಾಗಿದ್ದುದರಿಂದ ನೌಕಾಪಡೆಯ ಮುಳುಗುಗಾರರೇ ಹಲವು ದಿನ ಇಳಿಯಲಾರದೆ ಕಾದರು. ಆಮೇಲೆ ಉಡುಪಿಯ ಕಡೆಯ ಈಶ್ವರ ಮಲ್ಪೆಯವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಆ ಕೆಸರುನೀರಿಗೆ ಇಳಿದರು. ನಾಡೆಲ್ಲ ಅವರ ಧೈರ್ಯವನ್ನು ಕೊಂಡಾಡಿತು, ಕೊಂಡಾಡಬೇಕಾದದ್ದೇ. ಆದರೆ ಒಂದು ಸಂಗತಿ ನನ್ನನ್ನು ಕಾಡಿತು. ಹರಿವಿನ ವೇಗ ಎಷ್ಟಿದ್ದರೆ ಇಳಿಯಬಹುದು, ಎಷ್ಟಾದರೆ ಇಳಿಯಕೂಡದು, ಹಗ್ಗ ಹಿಡಿದವನು ದಂಡೆಯ ಮೇಲೆ ಎಲ್ಲಿ ನಿಲ್ಲಬೇಕು, ಎಂಥ ಗಂಟು ಹಾಕಬೇಕು? ಇವನ್ನು ಅರಿತ ಕನ್ನಡಿಗರು ಇದ್ದಾರೆ. ಅವರು ಅರಿತದ್ದನ್ನು ಬಳ್ಳಾರಿ ಸೀಮೆಯ ಮೀನುಗಾರನ ಮಗನೊಬ್ಬ ಓದಿ ತಿಳಿಯಬೇಕೆಂದರೆ ಎಲ್ಲಿ ಓದಬೇಕು?

ಈ ವಿದ್ಯೆಯಲ್ಲಿ ಎರಡು ಹಂತಗಳುಂಟು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ವಿನೋದಕ್ಕಾಗಿ ಮುಳುಗುವುದು ಮೊದಲನೆಯದು. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಬಳಿ ಇದು ನಡೆಯುತ್ತದೆ. ಬಹು ಆಳಕ್ಕೆ, ಬಹು ಹೊತ್ತು, ಗವಿಗಳೊಳಕ್ಕೆ, ಮುಳುಗಿದ ಹಡಗುಗಳೊಳಕ್ಕೆ, ಬೇರೆಬೇರೆ ವಾಯುಗಳ ಮಿಶ್ರಣವನ್ನು ಉಸಿರಾಡುತ್ತ ಹೋಗುವುದು ಎರಡನೆಯದು. ಇದನ್ನೇ ಟೆಕ್ನಿಕಲ್ ಡೈವಿಂಗ್ ಎನ್ನುತ್ತಾರೆ. ಅಪಾಯ ಬಂದಿತೆಂದು ತಟ್ಟನೆ ಮೇಲಕ್ಕೆ ಬರುವಂತಿಲ್ಲದ ಮುಳುಗು ಎಂದು ಸುಲಭವಾಗಿ ಹೇಳಬಹುದು.

ತಟ್ಟನೆ ಏಕೆ ಬರಕೂಡದು? ಗೋಲಿಸೋಡದ ಸೀಸೆಯನ್ನು ನೆನೆಯಿರಿ. ಗೋಲಿ ಬಿಗಿದಿರುವವರೆಗೆ ಒಳಗಿನ ನೀರು ತೆಪ್ಪಗಿರುತ್ತದೆ. ಗೋಲಿಯನ್ನು ಒತ್ತಿದೊಡನೆ ನೊರೆನೊರೆಯಾಗಿ ಉಕ್ಕುತ್ತದೆ. ಒತ್ತಡದಿಂದ ನೀರಿನಲ್ಲಿ ಕರಗಿದ್ದ ವಾಯು ಒತ್ತಡ ತಪ್ಪಿದಾಗ ಗುಳ್ಳೆಯಾಗಿ ಹೊರಬರುತ್ತದೆ. ಹತ್ತು ಮೀಟರು ನೀರಿನ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೂವತ್ತು ಮೀಟರಿನಲ್ಲಿ ಅದು ಮೇಲಿನದರ ನಾಲ್ಕರಷ್ಟು. ಅಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲೂ ಮಾಂಸದಲ್ಲೂ ಕರಗಿ ಕೂಡುತ್ತದೆ. ಅವಸರದಿಂದ ಮೇಲಕ್ಕೆ ಬಂದರೆ ಮನುಷ್ಯನೇ ಗೋಲಿಸೋಡ. ಗುಳ್ಳೆಗಳು ಕೀಲುಗಳಲ್ಲಿ ಸೇರಿದರೆ ಸಹಿಸಲಾರದ ನೋವು, ಬೆನ್ನುಹುರಿಗೆ ಸೇರಿದರೆ ಕಾಲು ಬೀಳುತ್ತದೆ, ಒಮ್ಮೊಮ್ಮೆ ಪ್ರಾಣವೇ ಹೋಗುತ್ತದೆ. ಇನ್ನೂ ಒಂದು ಲೆಕ್ಕವುಂಟು: ಮೇಲೆ ಒಂದು ಗಂಟೆ ಬರುವ ಸಿಲಿಂಡರು ಮೂವತ್ತು ಮೀಟರಿನಲ್ಲಿ ಕಾಲು ಗಂಟೆಗೆ ಮುಗಿಯುತ್ತದೆ.

ಈ ಕಷ್ಟಕ್ಕೆ ಮದ್ದು ಕಂಡುಹಿಡಿದವರು ಅದನ್ನು ಗುಟ್ಟಾಗಿಡಲಿಲ್ಲ. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರವಿಜ್ಞಾನಿ ಬ್ರಿಟಿಷ್ ನೌಕಾಪಡೆಗಾಗಿ ಆಡುಗಳನ್ನು ಉಕ್ಕಿನ ಕೊಠಡಿಯಲ್ಲಿಟ್ಟು ಒತ್ತಡ ಏರಿಸಿ ಇಳಿಸಿ ನೋಡಿದರು. ನಡುನಡುವೆ ತಂಗುತ್ತ ಮೇಲಕ್ಕೆ ಬಂದರೆ ಗುಳ್ಳೆಗಳ ಕಾಟ ತಪ್ಪುತ್ತದೆಂದು ಕಂಡು, ಎಷ್ಟು ಆಳಕ್ಕೆ ಎಷ್ಟು ಹೊತ್ತು ತಂಗಬೇಕೆಂಬ ಕೋಷ್ಟಕವನ್ನು ಬಾಯ್ಕಾಟ್, ಡೇಮಂಟ್ ಎಂಬ ಜೊತೆಗಾರರೊಡನೆ ೧೯೦೮ರಲ್ಲಿ ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಅವರ ಮಗ ಜೆ. ಬಿ. ಎಸ್. ಹಾಲ್ಡೇನರು ಬಾಲಕನಾಗಿದ್ದಾಗಲೇ ತಂದೆಯ ಪ್ರಯೋಗಕ್ಕೆ ಸಮುದ್ರದಲ್ಲಿ ಮುಳುಗಿದವರು. ೧೯೩೯ರಲ್ಲಿ ಥೀಟಿಸ್ ಎಂಬ ಜಲಾಂತರ್ಗಾಮಿ ಮುಳುಗಿ ಹಲವರು ಸತ್ತ ಮೇಲೆ ತಮ್ಮ ಮೈಯ ಮೇಲೆಯೇ ಪರೀಕ್ಷೆ ನಡೆಸಿಕೊಂಡವರು. ೧೯೫೭ರಲ್ಲಿ ನಮ್ಮ ದೇಶಕ್ಕೆ ಬಂದು, ನಮ್ಮ ಪೌರರಾಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಸಾಮಾನ್ಯ ಓದುಗರಿಗೆಂದು ಅವರು ಬರೆದ ಲೇಖನಗಳಿಗೆ ಲೆಕ್ಕವಿಲ್ಲ.

ನನ್ನ ವೃತ್ತಿಯವರೊಬ್ಬರ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಮೆರಿಕದ ಫ್ಲಾರಿಡಾದಲ್ಲಿ ಷೆಕ್ ಎಕ್ಸ್‌ಲಿ ಎಂಬ ಹೈಸ್ಕೂಲು ಉಪಾಧ್ಯಾಯರಿದ್ದರು. ಪಾಠ ಹೇಳುತ್ತಿದ್ದದ್ದು ಗಣಿತ. ಉಳಿದ ಹೊತ್ತೆಲ್ಲ ನೀರು ತುಂಬಿದ ಗವಿಗಳಲ್ಲಿ. ಆ ಕಾಲಕ್ಕೆ ಆ ಗವಿಗಳಲ್ಲಿ ತರುಣರು ಒಬ್ಬರ ಮೇಲೊಬ್ಬರು ಸಾಯುತ್ತಿದ್ದರು. ಎಕ್ಸ್‌ಲಿಯವರು ಗಣಿತದ ಮೇಷ್ಟರಂತೆಯೇ ವರ್ತಿಸಿದರು. ಪ್ರತಿಯೊಂದು ಸಾವಿನಲ್ಲೂ ಲೆಕ್ಕ ಎಲ್ಲಿ ತಪ್ಪಿತೆಂದು ನೋಡಿದರು. ಮತ್ತೆ ಮತ್ತೆ ಅವೇ ತಪ್ಪುಗಳು: ಹೊರಗಿನ ಬಯಲು ನೀರಿನಿಂದ ಒಳಗಿನವರೆಗೆ ಕಡಿಯದ ಹಗ್ಗವೊಂದನ್ನು ಎಳೆದುಕೊಂಡು ಹೋಗಿರಲಿಲ್ಲ, ಇಲ್ಲವೆ, ಹಿಂದಿರುಗುವುದಕ್ಕೆ ಸಾಕಷ್ಟು ಗಾಳಿ ಉಳಿಸಿಕೊಂಡಿರಲಿಲ್ಲ, ಇಲ್ಲವೆ, ತಮ್ಮ ಶಕ್ತಿಗೆ ಮೀರಿದ ಆಳಕ್ಕೆ ಹೋಗಿದ್ದರು. ಗಾಳಿಯ ಮೂರನೆಯ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಒಂದು ಪಾಲು ಕೇಡುಗಾಲಕ್ಕೆ ಎಂಬ ನಿಯಮ ಹೀಗೆ ಗಟ್ಟಿಯಾಯಿತು. ಇದನ್ನೆಲ್ಲ ಅವರು ೧೯೭೯ರಲ್ಲಿ ಒಂದು ಸಣ್ಣ ಪುಸ್ತಕವಾಗಿ ಬರೆದರು. ಅಲ್ಲಿಯ ಗವಿಮುಳುಗುಗಾರರ ಸಂಘ ಅದನ್ನು ಬಿಟ್ಟಿಯಾಗಿಯೇ ಹಂಚಿದೆ. ೧೯೯೪ರಲ್ಲಿ ಮೆಕ್ಸಿಕೋ ದೇಶದ ಸಕಟಾನ್ ಎಂಬ ಬಹು ಆಳದ ಕುಳಿಯಲ್ಲಿ ಎಕ್ಸ್‌ಲಿಯವರು ತಾವೇ ಪ್ರಾಣ ಬಿಟ್ಟರು. ಪುಸ್ತಕದ ಬೆಲೆ ಅದರಿಂದ ಇಳಿಯಲಿಲ್ಲ. ಎಷ್ಟು ಜನ ಅದನ್ನು ಓದಿ ಹಿಂದಿರುಗಿ ಬಂದರೆಂದು ಎಣಿಸುವ ಉಪಾಯವಿಲ್ಲ. ಬದುಕಿ ಬಂದವನ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ.

ಪತ್ರಿಕೆಯ ಮಾತಿಗೆ ಬರೋಣ. ೧೯೯೦ರಲ್ಲಿ ಮೈಕೇಲ್ ಮೆಂಡುನೊ ಎಂಬುವರು ಅಮೆರಿಕದಲ್ಲಿ ‘ಅಕ್ವಾಕೋರ್’ ಎಂಬ ಪತ್ರಿಕೆ ಹೊರಡಿಸಿದರು. ಟೆಕ್ನಿಕಲ್ ಡೈವಿಂಗ್ ಎಂಬ ಹೆಸರೇ ಆ ಪತ್ರಿಕೆಯಿಂದ ಬಳಕೆಗೆ ಬಂದದ್ದು. ಮಿಶ್ರವಾಯುಗಳ ವಿಷಯವನ್ನು ಬಹಿರಂಗವಾಗಿ ಬರೆದರೆ ಹುಡುಗರನ್ನು ಸಾವಿಗೆ ಕರೆದಂತೆ ಎಂದು ಆಗ ಹಲವರು ಆಕ್ಷೇಪಿಸಿದರು. ಬರೆಯದಿದ್ದರೂ ಹುಡುಗರು ಹೋಗುತ್ತಲೇ ಇದ್ದಾರೆ, ತಿಳಿಯದೆ ಹೋಗುತ್ತಿದ್ದಾರೆ ಎಂಬುದು ಬರೆದವರ ಉತ್ತರವಾಗಿತ್ತು. ಪತ್ರಿಕೆ ೧೯೯೬ರಲ್ಲಿ ನಿಂತಿತು. ಕಾಗದ, ಅಚ್ಚು, ಅಂಚೆ ಇವುಗಳ ಭಾರ ಎಲ್ಲ ದೇಶದ ಪತ್ರಿಕೆಗಳಿಗೂ ಒಂದೇ ತರಹ. ೨೦೧೦ರಲ್ಲಿ ಅಸ್ಸರ್ ಸಲಾಮಾ ಎಂಬ ಮುಳುಗುಗಾರರು ‘ಟೆಕ್ ಡೈವಿಂಗ್ ಮ್ಯಾಗ್’ ಎಂಬುದನ್ನು ಪ್ರಾರಂಭಿಸಿದಾಗ ಈ ಭಾರವನ್ನೇ ಕಳಚಿಬಿಟ್ಟರು. ಮೂರು ತಿಂಗಳಿಗೊಂದು ಸಂಚಿಕೆ, ಅಂತರ್ಜಾಲದಲ್ಲಿ, ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು, ಚಂದಾ ಇಲ್ಲ.

ಚಂದಾ ಇಲ್ಲದ್ದಕ್ಕೆ ನಾವು ಕನ್ನಡದಲ್ಲಿ ‘ಉಚಿತ’ ಎನ್ನುತ್ತೇವೆ. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಯೋಗ್ಯವಾದದ್ದು, ತಕ್ಕದ್ದು ಎಂದು ಅರ್ಥ. ದುಡ್ಡಿಲ್ಲದೆ ದೊರಕುವುದೆಂಬ ಅರ್ಥ ನಮ್ಮ ಬಳಕೆಯಲ್ಲಿ ಬಂದು ಸೇರಿತು. ಸಾಮಾನ್ಯವಾಗಿ ಈ ಬಳಕೆ ಕಂಡರೆ ನನಗೆ ಕೆಂಪು ಮಸಿಯ ನೆನಪಾಗುತ್ತದೆ. ಈ ಒಂದು ಕಡೆ ಮಾತ್ರ ಎರಡು ಅರ್ಥವೂ ಸರಿ. ಇಂಥ ಪತ್ರಿಕೆ ಯಾರಿಗೆ ಹೆಚ್ಚು ಬೇಕೋ ಅವನೇ ದುಡ್ಡು ಕೊಡಲಾರದವನು.

ಕನ್ನಡಿಗರಿಗೆ ಈ ಬಗೆಯ ಸಾಹಸ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ ೧೯೧೮ರಲ್ಲಿಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಎರಡು ವರ್ಷ ನಡೆದು ನಿಂತಿತು. ವೆಂಕಟನಾರಣಪ್ಪನವರು ಭೌತವಿಜ್ಞಾನವನ್ನು ಬಲ್ಲವರು, ಹಳಗನ್ನಡವನ್ನೂ ಅಷ್ಟೇ ಬಲ್ಲವರು. ಅಂಥವರ ಕೈಯಲ್ಲಿದ್ದ ಪತ್ರಿಕೆಯೇ ನಿಂತಿತೆಂದರೆ ದೋಷ ಬರಹದ್ದಲ್ಲ. ಈಗ ಅಂತರ್ಜಾಲದಲ್ಲಿ ಟಿ. ಜಿ. ಶ್ರೀನಿಧಿಯವರು ೨೦೦೭ರಲ್ಲಿ ಪ್ರಾರಂಭಿಸಿದ ‘ಇಜ್ಞಾನ’ದಂಥ ಪ್ರಯತ್ನಗಳನ್ನು ನೋಡಿದರೆ ದಾರಿ ಸುಲಭವಾಗಿದೆಯೆಂದು ತೋರುತ್ತದೆ. ನೀರಿನಡಿಯ ವಿಷಯಕ್ಕೇ ಬಂದರೂ ನಮ್ಮವರೊಬ್ಬರಿದ್ದರು. ಲೋಥಲ್ ಉತ್ಖನನದಿಂದ ಹೆಸರಾದ, ದ್ವಾರಕೆಯ ಸಮುದ್ರದಡಿಯ ಶೋಧನೆಯನ್ನು ನಡೆಸಿದ ಶಿಕಾರಿಪುರ ರಂಗನಾಥ ರಾಯರು ಕನ್ನಡಿಗರೇ. ಸಮುದ್ರದಡಿಯ ಪುರಾತತ್ತ್ವಕ್ಕೆಂದೇ ಅವರು ೧೯೯೦ರಲ್ಲಿ ಒಂದು ಪತ್ರಿಕೆ ಹೊರಡಿಸಿದರು. ಅದು ಇಂಗ್ಲಿಷಿನಲ್ಲಿತ್ತು, ವಿದ್ವಾಂಸರಿಗಾಗಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಹರಿಗೋಲಿನವನಿಗೆ ಬೇಕಾದದ್ದು ಬೇರೆ.

ಭಾಷೆಯ ಪ್ರಶ್ನೆ ಬಂದಾಗ ಪಂಡಿತರಿಗೆ ಉತ್ಸಾಹ ಬರುತ್ತದೆ; ಅಲ್ಲಿಯೇ ಅಪಾಯವೂ ಇದೆ. ಡಿಕಂಪ್ರೆಷನ್ ಎಂಬುದಕ್ಕೆ ‘ವಿಸಂಪೀಡನ’ ಎಂದು ಮಾಡಿಕೊಟ್ಟರೆ ವ್ಯಾಕರಣಕ್ಕೆ ಬಾಧೆಯಿಲ್ಲ, ಆದರೆ ಅದನ್ನು ಉಚ್ಚರಿಸುವಷ್ಟರಲ್ಲಿ ಮುಳುಗಿದವನ ಉಸಿರು ಮುಗಿದಿರುತ್ತದೆ. ‘ಒತ್ತಡ ಇಳಿಕೆ’ ಸಾಕು. ಮೇಲಕ್ಕೆ ಬರುವಾಗ ನಿಲ್ಲುವ ನೆಲೆಗೆ ‘ತಂಗು’ ಎನ್ನಬಹುದು: ಆರು ಮೀಟರಿನ ತಂಗು, ಮೂರು ಮೀಟರಿನ ತಂಗು. ಆಳದಲ್ಲಿ ಸಾರಜನಕದಿಂದ ತಲೆಗೆ ಏರುವ ಮಂಕಿಗೆ ‘ಆಳದ ಅಮಲು’, ಗವಿಯೊಳಗೆ ಎಳೆದುಕೊಂಡು ಹೋಗುವ ಹುರಿಗೆ ‘ದಾರಿಹಗ್ಗ’. ಸಿಲಿಂಡರು ಸಿಲಿಂಡರೇ ಆಗಿರಲಿ, ಹೀಲಿಯಮ್ಮನ್ನೂ ಮುಟ್ಟುವುದು ಬೇಡ. ಮಡು, ಸೆಳವು, ಸುಳಿ ಇವು ಹೊಳೆಯವರು ಕೊಟ್ಟಿರುವ ಶಬ್ದಗಳು; ಇವುಗಳ ಸಮಕ್ಕೆ ಬರುವುದನ್ನು ಯಾವ ಸಮಿತಿಯೂ ಮಾಡಲಾರದು. ಮುಳುಗು ಎಂಬುದಂತೂ ೞಕಾರವಿದ್ದ ಕಾಲದಿಂದ ನಮ್ಮದು.

ಮೊದಲ ಸಂಚಿಕೆಯಲ್ಲಿ ಏನಿರಬೇಕೆಂದು ನನ್ನನ್ನು ಕೇಳಿದರೆ, ದೊಡ್ಡ ದೊಡ್ಡ ಆಳಗಳ ವರ್ಣನೆಗಿಂತ ಮೊದಲು ಉಸಿರಿನ ವಿಷಯ ಬರಲಿ ಎನ್ನುತ್ತೇನೆ. ಮುಳುಗುವ ಮೊದಲು ಹತ್ತಾರು ಸಲ ಜೋರಾಗಿ ಉಸಿರೆಳೆದು ಬಿಟ್ಟರೆ ಹೆಚ್ಚು ಹೊತ್ತು ನೀರಿನಲ್ಲಿರಬಹುದೆಂಬ ನಂಬಿಕೆ ಈಜುವ ಹುಡುಗರಲ್ಲಿದೆ. ಹೆಚ್ಚು ಹೊತ್ತು ಇರಬಹುದೆಂಬುದು ನಿಜ. ಅದರ ಕಾರಣ ಮಾತ್ರ ಅವರಂದುಕೊಂಡದ್ದಲ್ಲ. ಉಸಿರಾಡಬೇಕೆಂಬ ತವಕ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರುವುದರಿಂದ. ಜೋರು ಉಸಿರಾಟದಿಂದ ಅದು ಮೊದಲೇ ಕಡಿಮೆಯಾಗಿಬಿಟ್ಟಿರುತ್ತದೆ. ಆಮ್ಲಜನಕ ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚಿರುವುದಿಲ್ಲ. ಆದ್ದರಿಂದ ಆಮ್ಲಜನಕ ಮುಗಿಯುತ್ತ ಬಂದರೂ ಎಚ್ಚರಿಸುವವರಿಲ್ಲ. ಒದ್ದಾಟವಿಲ್ಲ, ಕೂಗಿಲ್ಲ, ದೀಪ ಆರಿದಂತೆ ಪ್ರಜ್ಞೆ ತಪ್ಪುತ್ತದೆ, ಚೆನ್ನಾಗಿ ಈಜು ಬಲ್ಲವನೇ ಮುಳುಗುತ್ತಾನೆ. ದಂಡೆಯಲ್ಲಿದ್ದವರು ಅವನು ಆಡುತ್ತಿದ್ದಾನೆಂದೇ ತಿಳಿದಿರುತ್ತಾರೆ. ಇಷ್ಟನ್ನು ಒಂದು ಪುಟದಲ್ಲಿ, ಚಿತ್ರದೊಡನೆ ಬರೆದು ಕಾಲುವೆಯ ದಂಡೆಯ ಹುಡುಗರ ಫೋನಿಗೆ ಮುಟ್ಟಿಸಬಹುದಲ್ಲವೆ?

ಎರಡನೆಯ ಲೇಖನ ನಮ್ಮ ಅಣೆಕಟ್ಟಿನ ನೀರಿನ ಮೇಲೆ. ಹೊರಗಿನ ಪುಸ್ತಕಗಳ ಕೋಷ್ಟಕಗಳು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಮಾಡಿದವು. ಸುಮಾರು ೩೦೦ ಮೀಟರಿಗಿಂತ ಎತ್ತರದಲ್ಲಿರುವ ನೀರಿನಲ್ಲಿ ಮುಳುಗುವವರು ಅವನ್ನು ಹಾಗೆಯೇ ನಂಬಕೂಡದು. ಮೇಲಿನ ಗಾಳಿಯ ಒತ್ತಡವೇ ಅಲ್ಲಿ ಕಡಿಮೆ, ಆದ್ದರಿಂದ ಗುಳ್ಳೆಯೇಳುವ ಭಯ ಹೆಚ್ಚು. ತುಂಗಭದ್ರಾ ಜಲಾಶಯ ತುಂಬಿದಾಗ ನೀರಿನ ಮಟ್ಟ ೧,೬೩೩ ಅಡಿ, ಅಂದರೆ ಸುಮಾರು ೪೯೮ ಮೀಟರು. ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದನ್ನು ಈ ಸೀಮೆಯ ಯಾವ ರೈತನೂ ಮರೆತಿಲ್ಲ. ಇಷ್ಟು ಹಳೆಯ ಅಣೆಕಟ್ಟಿನ ನೀರಿನಡಿಯ ಭಾಗವನ್ನು ಇಳಿದು ನೋಡಬೇಕಾದ ಸಂದರ್ಭ ಯಾವಾಗಲಾದರೂ ಬರಬಹುದು. ಇಳಿಯುವವನ ಕೈಯಲ್ಲಿ ಕಡಲಿನ ಕೋಷ್ಟಕವಿದ್ದರೆ ಅದು ಈ ನೀರಿಗೆ ಒಪ್ಪುವುದಿಲ್ಲವೆಂದು ಹೇಳುವವರು ಬೇಕು. ಫ್ಲಾರಿಡಾದ ಪತ್ರಿಕೆ ಹೊಸಪೇಟೆಯ ನೀರಿನ ಎತ್ತರವನ್ನು ಏಕೆ ಬರೆದೀತು?

ಉಳಿದದ್ದು ಅಪಘಾತಗಳ ಪುಟ. ಹೆಸರು ಬೇಡ, ಮನೆತನ ಬೇಡ, ಯಾರನ್ನೂ ಹಳಿಯುವುದು ಬೇಡ. ನೀರು ಹೇಗಿತ್ತು, ಎಷ್ಟು ಜನ ಇಳಿದರು, ಹಗ್ಗವಿತ್ತೆ, ಯಾವ ಗಳಿಗೆಯಲ್ಲಿ ಕೆಟ್ಟಿತು, ಇಷ್ಟು ಸಾಕು. ಸತ್ತವರ ವಿಷಯ ಕೆದಕಬಾರದೆಂಬ ನಮ್ಮ ಸಂಕೋಚ ಒಳ್ಳೆಯ ಗುಣವೇ. ಆ ಸಂಕೋಚದಿಂದ ಅದೇ ಮಡುವಿನಲ್ಲಿ ಮರುವರ್ಷ ಇನ್ನೊಬ್ಬ ಹೋಗುತ್ತಾನೆಂಬುದನ್ನೂ ನೋಡಬೇಕು.

ಓದಿ ಮುಳುಗುವ ವಿದ್ಯೆ ಬರುವುದಿಲ್ಲ. ಸೈಕಲ್ಲು ಕೂಡ ಓದಿ ಬರುವುದಿಲ್ಲ. ಗುರುವಿಲ್ಲದೆ ಈ ಪುಟಗಳನ್ನು ಹಿಡಿದು ನೀರಿಗಿಳಿಯಬೇಡಿ ಎಂದು ಪ್ರತಿ ಸಂಚಿಕೆಯ ಮೊದಲ ಪುಟದಲ್ಲಿಯೇ ದಪ್ಪಕ್ಷರದಲ್ಲಿ ಹಾಕಬೇಕು. ಅಚ್ಚಾಗುವ ಮೊದಲು ಪ್ರತಿ ಲೇಖನವನ್ನೂ ಅನುಭವವುಳ್ಳ ಮುಳುಗುಗಾರನೊಬ್ಬನೂ ವೈದ್ಯನೊಬ್ಬನೂ ನೋಡಬೇಕು. ಇಂಥ ಬರಹದಲ್ಲಿ ಅಚ್ಚಿನ ತಪ್ಪು ಕಾಗುಣಿತದ ತಪ್ಪಲ್ಲ. ಅರುವತ್ತು ಎಂಬುದರಲ್ಲಿ ಒಂದು ಸೊನ್ನೆ ಬಿದ್ದುಹೋದರೆ ಆರಾಗುತ್ತದೆ. ಕನ್ನಡ ತಿದ್ದುವ ಕೆಲಸ ಬೇಕಾದರೆ ನಮ್ಮಂಥವರಿದ್ದೇವೆ, ಅದಕ್ಕೆ ಸಂಬಳ ಕೇಳುವುದಿಲ್ಲ.

ಬರೆಯುವವರು ಯಾರು ಎಂಬುದು ಇನ್ನೂ ಇದೆ. ಮಲ್ಪೆಯ ಕಡಲಿನವರು, ಮುರ್ಡೇಶ್ವರದಲ್ಲಿ ಹೊರಗಿನವರಿಗೆ ಮುಳುಗು ಕಲಿಸುವವರು, ನೌಕಾಪಡೆಯಿಂದ ನಿವೃತ್ತರಾಗಿ ಊರಿಗೆ ಬಂದವರು, ಅಗ್ನಿಶಾಮಕದವರು, ಇವರಲ್ಲಿ ಬರೆಯಬಲ್ಲವರು ಇದ್ದೇ ಇರುತ್ತಾರೆ. ನಮ್ಮ ಹರಿಗೋಲಿನ ಹಿರಿಯರು ಬರೆಯುವವರಲ್ಲ, ಹೇಳುವವರು. ಹೈಸ್ಕೂಲಿನ ಹುಡುಗರನ್ನು ಒಂದು ಬೇಸಿಗೆ ಅವರ ಹತ್ತಿರ ಕಳಿಸಿ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು ಬರಲಿ. ಬರೆದದ್ದನ್ನು ಅವರಿಗೇ ಮತ್ತೆ ಓದಿ ಹೇಳಿ ತಿದ್ದಿಸಿಕೊಳ್ಳಬೇಕಾದೀತು. ಅವರಲ್ಲಿ ಓದು ಬಾರದವರಿಗಾಗಿ ಪತ್ರಿಕೆಯ ಲೇಖನಗಳನ್ನು ಧ್ವನಿಯಲ್ಲಿಯೂ ಹಾಕಬೇಕಾದೀತು. ಒಂದೊಂದು ಹತ್ತು ನಿಮಿಷಕ್ಕಿಂತ ಹೆಚ್ಚಿರಬಾರದು, ಹರಿಗೋಲು ಈ ದಂಡೆಯಿಂದ ಆ ದಂಡೆಗೆ ಮುಟ್ಟುವಷ್ಟು ಹೊತ್ತು.